ವಾಸ್ತುಶಿಲ್ಪ ದೃಶ್ಯೀಕರಣ: ಅನಿಮೇಷನ್ ಮತ್ತು ವರ್ಚುವಲ್ ರಿಯಾಲಿಟಿ

ಇನ್ನೂ ಕಟ್ಟದ ಕಟ್ಟಡವನ್ನು ಕಂಪ್ಯೂಟರಿನಲ್ಲಿ ರೂಪಿಸಿ, ಅದರ ಸುತ್ತಲೂ ಒಳಗೂ ಓಡಾಡಿ ಬಂದಂತೆ ತೋರಿಸುವ ವಿದ್ಯೆ. ವಿನ್ಯಾಸದ ಮೂರು ಆಯಾಮದ ಮಾದರಿಗೆ ಬಣ್ಣ, ಬೆಳಕು, ನೆರಳು ಕೊಟ್ಟು ಚಲನಚಿತ್ರದಂತೆ ತೋರಿಸಿದರೆ ಅದು ಅನಿಮೇಷನ್. ಕಟ್ಟಡದ ವ್ಯವಹಾರದಲ್ಲಿರುವವರು ಇದನ್ನು ವಾಕ್‌ಥ್ರೂ ಎನ್ನುತ್ತಾರೆ. ಅದೇ ಮಾದರಿಯನ್ನು ನೋಡುವವರು ಹೆಡ್‌ಸೆಟ್ ಧರಿಸಿ, ತಲೆ ಹೊರಳಿಸಿದ ಕಡೆಗೆಲ್ಲ ತಾವೇ ನೋಡುವಂತಾದರೆ ಅದು ವರ್ಚುವಲ್ ರಿಯಾಲಿಟಿ, ಅಂದರೆ ವಿ.ಆರ್. ಮೊದಲನೆಯದರಲ್ಲಿ ಯಾವ ಮೂಲೆ ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನು ಚಿತ್ರ ಮಾಡಿದವರು ತೀರ್ಮಾನಿಸಿರುತ್ತಾರೆ. ಎರಡನೆಯದರಲ್ಲಿ ಆ ಅಧಿಕಾರ ನೋಡುವವರ ಕೈಗೆ ಬರುತ್ತದೆ. ಇವೆರಡರ ಬಳಕೆ, ಬೆಲೆ, ಅಪಾಯ ಬೇರೆಬೇರೆಯಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಪ್ಲಾನ್, ಸೆಕ್ಷನ್, ಎಲಿವೇಷನ್ ಎಂಬ ಮೂರು ಬಗೆಯ ನಕ್ಷೆಗಳನ್ನು ಓದಲು ತರಬೇತಿ ಬೇಕು. ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರಿಗೆ ಅದಿರುವುದಿಲ್ಲ. ನಮ್ಮ ಊರುಗಳಲ್ಲಿ ಪಾಯ ತೆಗೆಯುವ ಮುನ್ನ ನಿವೇಶನದ ಮೇಲೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ದಿನ, ಗೆರೆಗಳ ನಡುವೆ ನಿಂತ ಮನೆಯವರು ‘ಹಾಲ್ ಇಷ್ಟೇನಾ?’ ಎಂದು ಗಾಬರಿಯಾಗುವುದು ಮೇಸ್ತ್ರಿಗಳಿಗೆ ಹೊಸದಲ್ಲ. ಮೇಲೆ ತೆರೆದ ಆಕಾಶ, ಸುತ್ತ ಬಯಲು ಇರುವಾಗ 12 ಅಡಿಯ ಕೋಣೆ ಚಿಕ್ಕದಾಗಿಯೇ ಕಾಣುತ್ತದೆ. ಗೋಡೆ ಎದ್ದ ಮೇಲೆ ಅದೇ ಕೋಣೆ ಸಾಕು ಅನಿಸುತ್ತದೆ. ಈ ಗಾಬರಿ ತಾನಾಗಿ ಇಳಿಯುತ್ತದೆ. ಆದರೆ ಮೆಟ್ಟಿಲು ತಿರುಗುವಲ್ಲಿ ತೊಲೆ ತಲೆಗೆ ತಾಗುವುದು, ಕಿಟಕಿ ಪಕ್ಕದ ಮನೆಯ ಬಚ್ಚಲಿನ ಎದುರಿಗೇ ಬರುವುದು, ಎರಡು ಬಾಗಿಲು ಒಂದಕ್ಕೊಂದು ಬಡಿಯುವುದು ನೆಲದ ಗೆರೆಯಲ್ಲಿ ಕಾಣುವುದಿಲ್ಲ. ಮೌಲ್ಡ್ ಹಾಕಿದ ಮೇಲೆ ಕಾಣುತ್ತವೆ. ಆಗ ಉಳಿಯುವುದು ಒಡೆಯುವ ದಾರಿ, ಇಲ್ಲವೇ ಸಹಿಸಿಕೊಳ್ಳುವ ದಾರಿ. ದೃಶ್ಯೀಕರಣದ ನಿಜವಾದ ಬೆಲೆ ಇರುವುದು ಇಲ್ಲಿ: ಆ ಕಟ್ಟಡದಲ್ಲಿ ಬದುಕಲಿರುವವರು, ತಿದ್ದುವುದು ಇನ್ನೂ ಅಗ್ಗವಾಗಿರುವಾಗಲೇ, ‘ಇದು ಹೀಗೆ ಬೇಡ’ ಎನ್ನಲು ಅದು ಅವಕಾಶ ಕೊಡುತ್ತದೆ. ಹಾಗೆ ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇಲ್ಲದ ಕಡೆ ಅದು ಅಂದದ ಚಿತ್ರವಾಗಿಯೇ ಉಳಿಯುತ್ತದೆ.

ಕಂಪ್ಯೂಟರಿಗೂ ಮುಂಚೆ

ಕಟ್ಟಡವನ್ನು ಕಣ್ಣಿಗೆ ಕಂಡಂತೆಯೇ ಚಿತ್ರಿಸುವ ಶಾಸ್ತ್ರೀಯ ಪ್ರಯತ್ನ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆಯಿತು. 1420ರ ಆಸುಪಾಸಿನಲ್ಲಿ ವಾಸ್ತುಶಿಲ್ಪಿ ಫಿಲಿಪ್ಪೊ ಬ್ರುನೆಲೆಸ್ಕಿ ಅಲ್ಲಿನ ಬ್ಯಾಪ್ಟಿಸ್ಟ್ರಿ ಕಟ್ಟಡವನ್ನು ಒಂದು ಹಲಗೆಯ ಮೇಲೆ ಬರೆದು, ಹಲಗೆಯಲ್ಲಿ ತೂತು ಕೊರೆದನು. ನೋಡುವವನು ಚಿತ್ರದ ಹಿಂದೆ ನಿಂತು ತೂತಿಗೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಆಕಾಶ ಇರಬೇಕಾದ ಜಾಗದಲ್ಲಿ ಬಣ್ಣದ ಬದಲು ಹೊಳಪಿನ ಬೆಳ್ಳಿ ಕೂರಿಸಿದ್ದರಿಂದ ಗಾಳಿಗೆ ತೇಲುವ ನಿಜವಾದ ಮೋಡಗಳೇ ಚಿತ್ರದಲ್ಲಿ ಚಲಿಸುತ್ತಿದ್ದವು. ಅವನ ಜೀವನಚರಿತ್ರೆ ಬರೆದ ಅಂಟೋನಿಯೊ ಮನೆತ್ತಿ ಇದನ್ನು ವಿವರವಾಗಿ ದಾಖಲಿಸಿದ್ದಾನೆ. ಒಂದೇ ಕಣ್ಣು, ಒಂದೇ ನೆಲೆ, ಚಲಿಸುವ ಆಕಾಶ: ಮುಂದಿನ ಆರು ಶತಮಾನ ಈ ವಿದ್ಯೆ ಎದುರಿಸಿದ ಪ್ರಶ್ನೆಗಳೆಲ್ಲ ಆ ಹಲಗೆಯಲ್ಲೇ ಇದ್ದವು.

ಚಿತ್ರದ ಜೊತೆಗೆ ಮರದ ಮಾದರಿಯ ಪರಂಪರೆಯೂ ಬೆಳೆಯಿತು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗಾಗಿ ಕ್ರಿಸ್ಟೋಫರ್ ರೆನ್ 1673-74ರಲ್ಲಿ ಮಾಡಿಸಿದ ಓಕ್ ಮರದ ದೊಡ್ಡ ಮಾದರಿ 6 ಮೀಟರಿಗೂ ಉದ್ದವಾಗಿದೆ. ಒಳಗೆ ತಲೆ ತೂರಿಸಿ ನಡುಮನೆಯಿಂದ ಗುಮ್ಮಟದವರೆಗೆ ನೋಡಬಹುದಿತ್ತು. ಪಾದ್ರಿವರ್ಗ ಆ ವಿನ್ಯಾಸವನ್ನು ಒಪ್ಪಲಿಲ್ಲ, ಕಟ್ಟಿದ್ದು ಬೇರೆಯದೇ. ಮಾದರಿ ಈಗಲೂ ಅದೇ ಕೆಥೆಡ್ರಲಿನಲ್ಲಿದೆ. 18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಉದ್ಯಾನ ವಿನ್ಯಾಸಕ ಹಂಫ್ರಿ ರೆಪ್ಟನ್ ಕೆಂಪು ರಟ್ಟಿನ ಪುಸ್ತಕಗಳಲ್ಲಿ ಜಮೀನಿನ ಈಗಿನ ನೋಟ ಬರೆದು, ಮೇಲಿನ ಕಾಗದದ ಪಟ್ಟಿ ಎತ್ತಿದರೆ ಮುಂದಿನ ನೋಟ ಕಾಣುವಂತೆ ಮಾಡಿ ಜಮೀನುದಾರರ ಮುಂದಿಡುತ್ತಿದ್ದನು. ದೃಶ್ಯೀಕರಣವು ಗಿರಾಕಿಯನ್ನು ಒಲಿಸುವ ಸಾಧನವಾಗಿ ಆಗಲೇ ಪಳಗಿತ್ತು.

ನಡೆದು ನೋಡಿದ ಮೊದಲ ಕಟ್ಟಡಗಳು

1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ರಚಿಸಿದ ಸ್ಕೆಚ್‌ಪ್ಯಾಡ್, ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು ತಿದ್ದಬಹುದಾದ ಮೊದಲ ದೊಡ್ಡ ಪ್ರೋಗ್ರಾಂ. ಐದು ವರ್ಷದ ಮೇಲೆ, 1968ರಲ್ಲಿ, ಅವರೇ ತಲೆಗೆ ತೊಡುವ ಪ್ರದರ್ಶಕವನ್ನು ವಿವರಿಸಿದರು. ತಲೆಯ ಚಲನೆ ಅಳೆಯುವ ಲೋಹದ ತೋಳು ಚಾವಣಿಯಿಂದ ಇಳಿಬಿದ್ದಿತ್ತು. ಎರಡು ಕಣ್ಣಿಗೆ ಎರಡು ಪುಟ್ಟ ಪರದೆ. ಕಾಣುತ್ತಿದ್ದುದು ಬರಿಯ ಗೆರೆಯ ಆಕೃತಿಗಳು. ಅವುಗಳಲ್ಲಿ ಒಂದು, ಗೋಡೆಗಳ ಮೇಲೆ ದಿಕ್ಕಿನ ಅಕ್ಷರ ಬರೆದ ಕೋಣೆ. ಹೀಗೆ ವಿ.ಆರ್. ತನ್ನ ಮೊದಲ ದಿನಗಳಲ್ಲೇ ಒಂದು ಕೋಣೆಯನ್ನು ಕಟ್ಟಿ ತೋರಿಸಿತ್ತು.

ವಾಸ್ತುಶಿಲ್ಪಕ್ಕೆ ಇದನ್ನು ತಂದವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರೀನ್‌ಬರ್ಗ್ ಪ್ರಮುಖರು. 1970ರ ದಶಕದ ಆರಂಭದಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದ ಯಂತ್ರಗಳನ್ನು ಬಳಸಿ ತಮ್ಮ ಕ್ಯಾಂಪಸ್ಸಿನ ಕಟ್ಟಡಗಳ ಅನಿಮೇಷನ್ ಚಿತ್ರ ಮಾಡಿದರು. 1974ರ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ ಈ ಸಾಧ್ಯತೆಯನ್ನು ಜಗತ್ತಿಗೆ ಪರಿಚಯಿಸಿತು. ಅವರ ಗುಂಪಿನ ಇನ್ನೊಂದು ಕೆಲಸ ಇನ್ನೂ ಆಳವಾದದ್ದು. ಕೆಂಪು ಗೋಡೆಯ ಪಕ್ಕದ ಬಿಳಿ ಗೋಡೆ ತುಸು ಕೆಂಪಗೆ ಕಾಣುತ್ತದೆ, ಏಕೆಂದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಪುಟಿಯುತ್ತದೆ. ಇದನ್ನು ಲೆಕ್ಕ ಹಾಕುವ ರೇಡಿಯೋಸಿಟಿ ವಿಧಾನವನ್ನು 1984ರಲ್ಲಿ ಪ್ರಕಟಿಸಿದ ಈ ಗುಂಪು, ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ನಿಜವಾದ ಒಂದು ಪೆಟ್ಟಿಗೆಯನ್ನೇ ಮಾಡಿ, ಅದನ್ನೂ ಕಂಪ್ಯೂಟರ್ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತು. ಕಾರ್ನೆಲ್ ಬಾಕ್ಸ್ ಎಂಬ ಹೆಸರಿನ ಆ ಪೆಟ್ಟಿಗೆಯ ಮಾದರಿ ಇಂದಿಗೂ ಹೊಸ ಸಾಫ್ಟ್‌ವೇರ್‌ಗಳ ಒರೆಗಲ್ಲು. ಇದಕ್ಕೂ ಮುನ್ನ 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ ಪ್ರಕಟಿಸಿದ ರೇ ಟ್ರೇಸಿಂಗ್ ವಿಧಾನ ಗಾಜು, ಕನ್ನಡಿ, ನೀರಿನ ಪ್ರತಿಫಲನಗಳನ್ನು ಸಾಧ್ಯವಾಗಿಸಿತ್ತು.

ಈ ಚರಿತ್ರೆಯಲ್ಲಿ ಒಂದೇ ಘಟನೆಯನ್ನು ಆರಿಸಿಕೊಳ್ಳಬೇಕಾದರೆ ಅದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಿಟರ್ಸನ್ ಹಾಲ್. 1980ರ ದಶಕದ ಮಧ್ಯದಲ್ಲಿ ಚಾಪೆಲ್ ಹಿಲ್‌ನ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ ಹೊಸ ಕಟ್ಟಡದ ತಯಾರಿ ನಡೆದಿತ್ತು. ಅಲ್ಲಿನ ಪ್ರಾಧ್ಯಾಪಕ ಫ್ರೆಡರಿಕ್ ಬ್ರೂಕ್ಸ್ ಮತ್ತು ಸಂಗಡಿಗರು ಆರ್ಕಿಟೆಕ್ಟರ ನಕ್ಷೆಗಳಿಂದ ಕಟ್ಟಡದ ಕಂಪ್ಯೂಟರ್ ಮಾದರಿ ಮಾಡಿ, ಅದರೊಳಗೆ ನಡೆಯುವ ವ್ಯವಸ್ಥೆ ರೂಪಿಸಿದರು. ಮುಂದೆ ಇದಕ್ಕೆ ಟ್ರೆಡ್‌ಮಿಲ್ ಜೋಡಿಸಿದರು. ಸೈಕಲ್ಲಿನ ಹ್ಯಾಂಡಲ್ ಹಿಡಿದು ದಿಕ್ಕು ಬದಲಿಸುತ್ತಾ, ಕಾಲಿನಲ್ಲಿ ನಡೆಯುತ್ತಾ ಕಾರಿಡಾರುಗಳನ್ನು ದಾಟಬಹುದಿತ್ತು. ಆಗಿನ ಯಂತ್ರಗಳ ವೇಗಕ್ಕೆ ದೃಶ್ಯ ತಡೆತಡೆದು ಬದಲಾಗುತ್ತಿತ್ತು, ಬಣ್ಣಗಳು ಚಪ್ಪಟೆ. ಆದರೂ ಅಲ್ಲಿ ಕೆಲಸ ಮಾಡಲಿದ್ದವರಿಗೆ ಒಂದು ಮಾತು ಸ್ಪಷ್ಟವಾಯಿತು: ಲಾಬಿಯ ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟಾಗುತ್ತದೆ. ನಕ್ಷೆಯಲ್ಲಿ ಅದು ಯಾರನ್ನೂ ಕಾಡಿರಲಿಲ್ಲ. ಮಾದರಿಯೊಳಗೆ ನಡೆದ ಮೇಲೆ ಆರ್ಕಿಟೆಕ್ಟರೂ ಒಪ್ಪಿ ಗೋಡೆಯನ್ನು ಬದಲಿಸಿದರು. ಕಟ್ಟಡ 1987ರಲ್ಲಿ ಬಳಕೆಗೆ ಬಂತು. ಇಂದಿನ ಫೋನಿನ ಆಟಕ್ಕಿಂತಲೂ ಒರಟಾಗಿದ್ದ ಆ ಚಿತ್ರ ಒಂದು ಗೋಡೆಯನ್ನು ಸರಿಸಿತು. ಅದಕ್ಕಿಂತ ಎಷ್ಟೋ ಪಾಲು ಮೋಹಕವಾದ ಇಂದಿನ ಚಿತ್ರಗಳು ಒಂದು ಇಟ್ಟಿಗೆಯನ್ನೂ ಕದಲಿಸದೆ ಹೋಗುವುದುಂಟು. ಚಿತ್ರ ತೋರಿಸುವ ಹೊತ್ತಿಗೆ ವಿನ್ಯಾಸ ತೀರ್ಮಾನವಾಗಿಬಿಟ್ಟಿರುವುದೇ ಇದಕ್ಕೆ ಕಾರಣ.

1990ರ ದಶಕದ ಆರಂಭದಲ್ಲಿ ಟೋಕಿಯೊದ ಶಿಂಜುಕುವಿನಲ್ಲಿದ್ದ ಮಾತ್ಸುಶಿತಾ ಕಂಪನಿಯ ಮಳಿಗೆಯಲ್ಲಿ ಗಿರಾಕಿಗಳು ತಮ್ಮ ಅಡುಗೆಮನೆಯ ಅಳತೆ ಕೊಟ್ಟು, ಹೆಡ್‌ಸೆಟ್ ಮತ್ತು ಕೈಗವಸು ಧರಿಸಿ, ಕಪಾಟು ತೆರೆದು ನೋಡಬಹುದಿತ್ತು. ಜ್ಯಾರನ್ ಲೇನಿಯರ್ ಅವರ ವಿ.ಪಿ.ಎಲ್. ರಿಸರ್ಚ್ ಕಂಪನಿಯ ಉಪಕರಣ ಅದು. ಮೇಲಿನ ಕಪಾಟು ಕೈಗೆಟುಕುತ್ತದೆಯೇ ಎಂಬ ಸಣ್ಣ ಪ್ರಶ್ನೆಗೆ ಇಷ್ಟು ದೊಡ್ಡ ಯಂತ್ರ ಬೇಕೇ ಎನಿಸಬಹುದು. ದಿನಕ್ಕೆ ಮೂರು ಹೊತ್ತು ಅಲ್ಲಿ ನಿಂತು ಅಡುಗೆ ಮಾಡುವವರಿಗೆ ಅದು ಸಣ್ಣ ಪ್ರಶ್ನೆಯಲ್ಲ. 1992ರಲ್ಲಿ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ಕರೊಲಿನಾ ಕ್ರೂಸ್-ನೆಯ್ರಾ, ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫ್ಯಾಂಟಿ ‘ಕೇವ್’ ಪ್ರದರ್ಶಿಸಿದರು. ಸುಮಾರು 10 ಅಡಿಯ ಚೌಕಾಕಾರದ ಕೋಣೆಯ ಗೋಡೆ ಮತ್ತು ನೆಲದ ಮೇಲೆ ದೃಶ್ಯ ಮೂಡಿಸಿ, ಹಲವರು ಒಟ್ಟಿಗೆ ನಿಂತು ಚರ್ಚಿಸುತ್ತಾ ನೋಡುವ ಏರ್ಪಾಟು ಅದು. ಹೆಡ್‌ಸೆಟ್ ಮನುಷ್ಯನನ್ನು ಒಂಟಿಯಾಗಿಸುತ್ತದೆ ಎಂಬ ಕೊರತೆಗೆ ಅದು ಉತ್ತರವಾಗಿತ್ತು.

ಚಿತ್ರ ತಯಾರಾಗುವ ಬಗೆ

ಮೊದಲು ಮಾದರಿ. ಸ್ಕೆಚ್‌ಅಪ್, ರೆವಿಟ್, 3ಡಿಎಸ್ ಮ್ಯಾಕ್ಸ್, ಉಚಿತವಾಗಿ ಸಿಗುವ ಬ್ಲೆಂಡರ್ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಅಳತೆಗೆ ತಕ್ಕಂತೆ ಎಬ್ಬಿಸುತ್ತಾರೆ. ಆಮೇಲೆ ಪ್ರತಿ ಮೇಲ್ಮೈಗೂ ಅದರ ಗುಣ ಹೇಳಬೇಕು: ಗ್ರಾನೈಟ್ ಎಷ್ಟು ಹೊಳೆಯುತ್ತದೆ, ಜಲ್ಲಿ ಗಾರೆ ಎಷ್ಟು ಒರಟು, ಗಾಜಿನೊಳಗೆ ಬೆಳಕು ಎಷ್ಟು ಹಾಯುತ್ತದೆ. ನಂತರ ಸೂರ್ಯ ಮತ್ತು ದೀಪ, ಕ್ಯಾಮೆರಾ ಸಾಗುವ ಹಾದಿ. ಕೊನೆಯದು ರೆಂಡರಿಂಗ್, ಅಂದರೆ ಪ್ರತಿ ಬಿಂದುವಿನ ಬಣ್ಣವನ್ನು ಕಂಪ್ಯೂಟರ್ ಲೆಕ್ಕಹಾಕುವುದು.

ಸೆಕೆಂಡಿಗೆ 25 ಚೌಕಟ್ಟಿನಂತೆ ಒಂದು ನಿಮಿಷದ ಅನಿಮೇಷನ್‌ಗೆ 1,500 ಚಿತ್ರ ಬೇಕು. ಒಂದೊಂದಕ್ಕೆ 10 ನಿಮಿಷ ಹಿಡಿದರೆ ಒಂದೇ ಯಂತ್ರಕ್ಕೆ 250 ಗಂಟೆಯ ಕೆಲಸ. ಹತ್ತು ದಿನಕ್ಕೂ ಹೆಚ್ಚು. ಆದ್ದರಿಂದ ಸ್ಟುಡಿಯೋಗಳು ಹಲವು ಯಂತ್ರಗಳಿಗೆ ಕೆಲಸ ಹಂಚುತ್ತವೆ. ವಿ.ಆರ್.ನಲ್ಲಿ ಲೆಕ್ಕ ತಲೆಕೆಳಗು. ನೋಡುವವರು ಯಾವ ಕ್ಷಣ ಎತ್ತ ತಿರುಗುತ್ತಾರೋ ಗೊತ್ತಿಲ್ಲ. ಸೆಕೆಂಡಿಗೆ 90 ಬಾರಿ, ಎರಡೂ ಕಣ್ಣಿಗೆ, ಹೊಸ ಚಿತ್ರ ಸಿದ್ಧವಾಗಬೇಕು. ಅಂದರೆ ಪ್ರತಿ ಚಿತ್ರಕ್ಕೆ ಸಿಗುವುದು 11 ಮಿಲಿಸೆಕೆಂಡು. ತಡವಾದರೆ ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ ತಲೆ ಸುತ್ತುತ್ತದೆ, ಓಕರಿಕೆ ಬರುತ್ತದೆ. ಆಟದ ಉದ್ಯಮ ಬೆಳೆಸಿದ ಅನ್‌ರಿಯಲ್, ಯೂನಿಟಿ ಎಂಜಿನ್‌ಗಳು ಇಲ್ಲಿ ನೆರವಿಗೆ ಬಂದವು. ಬದಲಾಗದ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಗೋಡೆಗೆ ಅಂಟಿಸುವುದು, ದೂರದ ವಸ್ತುಗಳ ವಿವರ ತಗ್ಗಿಸುವುದು ಅವುಗಳ ಉಪಾಯ. 2018ರಿಂದ ರೇ ಟ್ರೇಸಿಂಗ್‌ಗೆಂದೇ ಪ್ರತ್ಯೇಕ ಅಂಗವುಳ್ಳ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳು ಬಂದ ಮೇಲೆ ಅನಿಮೇಷನ್ ಮತ್ತು ವಿ.ಆರ್. ನಡುವಿನ ಗುಣಮಟ್ಟದ ಅಂತರ ಬಹಳ ಕಿರಿದಾಗಿದೆ. ಲುಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಷನ್ ಮುಂತಾದವು ಇದನ್ನು ಸಣ್ಣ ಆರ್ಕಿಟೆಕ್ಟ್ ಕಚೇರಿಗಳ ಮೇಜಿಗೆ ತಂದವು. ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಹೆಡ್‌ಸೆಟ್‌ಗಳು 2016ರಲ್ಲಿ ಮಾರುಕಟ್ಟೆಗೆ ಬಂದವು; ಪ್ರತ್ಯೇಕ ಕಂಪ್ಯೂಟರ್ ಬೇಡದ ಕ್ವೆಸ್ಟ್ 2019ರಲ್ಲಿ.

ವಿ.ಆರ್. ಕೂಡ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಹೆಡ್‌ಸೆಟ್ ಧರಿಸಿದವರು ದೂರವನ್ನು ಇದ್ದುದಕ್ಕಿಂತ ಕಡಿಮೆ ಎಂದು ಅಂದಾಜಿಸುತ್ತಾರೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊಸ ಉಪಕರಣಗಳಲ್ಲಿ ಈ ದೋಷ ತಗ್ಗಿದೆ. ದನಿಯ ಪ್ರತಿಧ್ವನಿ, ಸೆಕೆ, ಗಾಳಿಯಾಟ, ಚರಂಡಿಯ ವಾಸನೆ ಯಾವ ಹೆಡ್‌ಸೆಟ್ಟಿಗೂ ಸುಲಭವಾಗಿ ಸಿಕ್ಕುವ ಸಂಗತಿಗಳಲ್ಲ.

ನಿರ್ಮಾಣದ ಅಂಗಳದಲ್ಲಿ

ಕಟ್ಟಡ ಹೇಗೆ ಕಾಣುತ್ತದೆ ಎಂಬುದರ ಜೊತೆಗೆ ಅದನ್ನು ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದನ್ನೂ ಅನಿಮೇಷನ್ ತೋರಿಸಬಲ್ಲದು. ಮಾದರಿಯ ಪ್ರತಿ ಭಾಗವನ್ನೂ ಕೆಲಸದ ವೇಳಾಪಟ್ಟಿಗೆ ಜೋಡಿಸಿದರೆ, ಯಾವ ವಾರ ಯಾವ ಕಂಬ ಏಳುತ್ತದೆ, ಕ್ರೇನ್ ಎಲ್ಲಿ ನಿಲ್ಲುತ್ತದೆ ಎಂಬುದು ಚಲಿಸುವ ಚಿತ್ರವಾಗುತ್ತದೆ. ಕಾಲ ನಾಲ್ಕನೆಯ ಆಯಾಮವಾದ್ದರಿಂದ ಇದನ್ನು 4ಡಿ ಎನ್ನುತ್ತಾರೆ. ಫ್ರಾಂಕ್ ಗೆರಿ ವಿನ್ಯಾಸಗೊಳಿಸಿ 2003ರಲ್ಲಿ ತೆರೆದ ಲಾಸ್ ಏಂಜಲೀಸ್‌ನ ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣ ಇದರ ಹೆಸರಾದ ಉದಾಹರಣೆ. ಅಲ್ಲಿನ ಬಾಗಿದ ಉಕ್ಕಿನ ಹೊದಿಕೆ ಮತ್ತು ಓರೆ ತೊಲೆಗಳನ್ನು ಯಾವುದರ ನಂತರ ಯಾವುದೆಂದು ಕೂರಿಸುವುದು ಕಾಗದದ ಮೇಲೆ ಬಗೆಹರಿಯುವಂತಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಡಿಸ್ನಿ ಸಂಸ್ಥೆಯವರೂ ಸೇರಿ ಮಾಡಿದ 4ಡಿ ಮಾದರಿಯನ್ನು ಬೇರೆಬೇರೆ ಗುತ್ತಿಗೆದಾರರು ಒಟ್ಟಿಗೆ ಕುಳಿತು ನೋಡಿ, ಕೆಲಸಗಳು ಒಂದಕ್ಕೊಂದು ಅಡ್ಡ ಬರುವ ಜಾಗಗಳನ್ನು ಮೊದಲೇ ಗುರುತಿಸಲು ಬಳಸಿದರು.

ಆಸ್ಪತ್ರೆ, ಮೆಟ್ರೋ, ವಿಮಾನ ನಿಲ್ದಾಣಗಳಂಥ ಕಟ್ಟಡಗಳಲ್ಲಿ ಚಾವಣಿಯ ಮೇಲಿನ ಕಿರಿದಾದ ಜಾಗದಲ್ಲೇ ಎ.ಸಿ. ಡಕ್ಟ್, ನೀರಿನ ಪೈಪು, ವಿದ್ಯುತ್ ತಂತಿ, ಬೆಂಕಿ ನಂದಿಸುವ ಕೊಳವೆ ಎಲ್ಲ ಸಾಗಬೇಕು. ಕಟ್ಟಡದ ಪೂರ್ಣ ಮಾಹಿತಿಯುಳ್ಳ ‘ಬಿಮ್’ ಮಾದರಿಯಲ್ಲಿ ಇವು ಎಲ್ಲಿ ಒಂದಕ್ಕೊಂದು ತಾಗುತ್ತವೆ ಎಂದು ಸಾಫ್ಟ್‌ವೇರೇ ಪಟ್ಟಿ ಮಾಡುತ್ತದೆ. ಆದರೆ ವಾಲ್ವ್ ತಿರುಗಿಸಲು ಕೈ ಹೋಗುತ್ತದೆಯೇ, ಫಿಲ್ಟರ್ ಬದಲಿಸಲು ಏಣಿ ಇಡಲು ಜಾಗವಿದೆಯೇ ಎಂಬುದು ಆ ಪಟ್ಟಿಯಲ್ಲಿ ಸುಲಭವಾಗಿ ಸಿಗದು. ಅದನ್ನು ಹೇಳಬಲ್ಲವರು ದಿನವೂ ಆ ಕೆಲಸ ಮಾಡುವ ಪ್ಲಂಬರ್, ಎಲೆಕ್ಟ್ರಿಷಿಯನ್. ಅವರಿಗೆ ಹೆಡ್‌ಸೆಟ್ ಕೊಟ್ಟು ಮಾದರಿಯೊಳಗೆ ಬಿಡುವುದು ಈ ವಿದ್ಯೆಯ ಅತ್ಯುತ್ತಮ ಬಳಕೆಗಳಲ್ಲೊಂದು. ಹೊಸ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯನ್ನು ನರ್ಸ್‌ಗಳಿಗೆ ವಿ.ಆರ್.ನಲ್ಲಿ ತೋರಿಸಿ ಅಭಿಪ್ರಾಯ ಕೇಳುವ ಪದ್ಧತಿ ಹಲವು ದೇಶಗಳಲ್ಲಿದೆ. ಎತ್ತರದಲ್ಲಿ ಕೆಲಸ ಮಾಡುವವರಿಗೆ, ಕ್ರೇನ್ ನಡೆಸುವವರಿಗೆ ಸುರಕ್ಷತೆಯ ತರಬೇತಿಗೂ ಇದು ಬಳಕೆಯಲ್ಲಿದೆ.

ನಿಜವಾದ ಜಾಗದ ಮೇಲೆಯೇ ಮಾದರಿಯನ್ನು ಹೊದಿಸಿ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ಇನ್ನೊಂದು ದಾರಿ. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ಅನ್ನು 2019ರಲ್ಲಿ ಟ್ರಿಂಬಲ್ ಕಂಪನಿ ಕಾರ್ಮಿಕರ ಹೆಲ್ಮೆಟ್ಟಿಗೆ ಜೋಡಿಸಿತು. 2024ರಲ್ಲಿ ಆ ಉಪಕರಣದ ತಯಾರಿಕೆಯನ್ನೇ ಮೈಕ್ರೋಸಾಫ್ಟ್ ನಿಲ್ಲಿಸಿತು. ಟ್ಯಾಬ್ಲೆಟ್ ಎತ್ತಿ ಹಿಡಿದು ಗೋಡೆಯೊಳಗಿನ ಪೈಪಿನ ಜಾಗ ನೋಡುವುದು ಸದ್ಯಕ್ಕೆ ಹೆಚ್ಚು ಬಾಳುವ ಪದ್ಧತಿ.

ಮಾರಾಟ ಮತ್ತು ಕಾನೂನು

ಕರ್ನಾಟಕದಲ್ಲಿ ಸಾಮಾನ್ಯ ಓದುಗರು ಈ ವಿದ್ಯೆಯನ್ನು ಕಾಣುವುದು ಹೆಚ್ಚಾಗಿ ಎರಡು ಕಡೆ: ಸ್ವಂತ ಮನೆ ಕಟ್ಟಿಸುವಾಗ ಎಂಜಿನಿಯರ್ ಕೊಡುವ 3ಡಿ ಎಲಿವೇಷನ್ ಚಿತ್ರದಲ್ಲಿ, ಮತ್ತು ಅಪಾರ್ಟ್‌ಮೆಂಟ್ ಮಾರುವವರ ವಾಕ್‌ಥ್ರೂ ವಿಡಿಯೋದಲ್ಲಿ. ಎರಡನೆಯದನ್ನು ಎಚ್ಚರದಿಂದ ನೋಡಬೇಕು. ಅಗಲ ಕೋನದ ಲೆನ್ಸ್ ಇಟ್ಟರೆ 10 ಅಡಿಯ ಕೋಣೆ ವಿಶಾಲ ಹಜಾರದಂತೆ ತೋರುತ್ತದೆ. ಮಂಚ, ಸೋಫಾಗಳನ್ನು ನಿಜದ ಅಳತೆಗಿಂತ ತುಸು ಕುಗ್ಗಿಸಿದರೂ ಅದೇ ಪರಿಣಾಮ. ನೆಟ್ಟ ವರ್ಷವೇ ಮರಗಳು ಮೂರನೆಯ ಮಹಡಿ ಮುಟ್ಟಿರುತ್ತವೆ. ಎದುರಿನ ಹೈಟೆನ್ಷನ್ ತಂತಿ, ಪಕ್ಕದ ನಿವೇಶನದಲ್ಲಿ ನಾಳೆ ಏಳಲಿರುವ ಕಟ್ಟಡ ಕಾಣುವುದಿಲ್ಲ.

ಬೆಳಕಿನ ವಿಷಯದಲ್ಲಿ ಪರೀಕ್ಷೆ ಇನ್ನೂ ಸುಲಭ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರವಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಉತ್ತರ ಮುಖದ ಗೋಡೆಯ ಮೇಲೆ ದಿನದ ಯಾವ ಹೊತ್ತಿನಲ್ಲೂ ನೇರ ಬಿಸಿಲು ಬೀಳದು. ವಿಡಿಯೋದಲ್ಲಿ ಉತ್ತರದ ಬಾಲ್ಕನಿ ವರ್ಷವಿಡೀ ಎಳೆಬಿಸಿಲಿನಲ್ಲಿ ಮೀಯುತ್ತಿದ್ದರೆ ಆ ಸೂರ್ಯನನ್ನು ಚಿತ್ರಕಾರ ಇಟ್ಟದ್ದು ಅಂದಕ್ಕಾಗಿ. ಊರು, ದಿನಾಂಕ, ಗಂಟೆ ಕೊಟ್ಟರೆ ಸರಿಯಾದ ಸೂರ್ಯನನ್ನು ಇಡುವ ಸೌಲಭ್ಯ ಈ ಸಾಫ್ಟ್‌ವೇರ್‌ಗಳಲ್ಲೇ ಇದೆ. ಕೊಳ್ಳುವವರು ಡಿಸೆಂಬರಿನ ಬೆಳಿಗ್ಗೆ ಹತ್ತರ ಬೆಳಕನ್ನು ತೋರಿಸಿ ಎಂದು ಕೇಳಬಹುದು, ಕೇಳಬೇಕು.

ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆಯ 12ನೆಯ ಪ್ರಕರಣ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಜಾಹೀರಾತು, ಮಾಹಿತಿಪತ್ರ ಅಥವಾ ಮಾದರಿ ಮನೆಯನ್ನು ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿದ್ದ ತಪ್ಪು ಅಥವಾ ಸುಳ್ಳು ಮಾಹಿತಿಯಿಂದ ನಷ್ಟವಾದರೆ ನಿರ್ಮಾಣದಾರ ಪರಿಹಾರ ಕೊಡಬೇಕು. ಅವರು ಯೋಜನೆಯಿಂದ ಹೊರಬರಲು ಬಯಸಿದರೆ ಕಟ್ಟಿದ ಹಣವನ್ನು ಬಡ್ಡಿ, ಪರಿಹಾರ ಸಮೇತ ಹಿಂದಿರುಗಿಸಬೇಕು. ಕಾಯಿದೆ ಜಾಹೀರಾತು ಎಂಬುದಕ್ಕೆ ಕೊಟ್ಟಿರುವ ಅರ್ಥ ಯಾವುದೇ ಮಾಧ್ಯಮದ, ಯಾವುದೇ ರೂಪದ ಪ್ರಚಾರವನ್ನು ಒಳಗೊಳ್ಳುವಷ್ಟು ವಿಶಾಲವಾಗಿದೆ. ಆದ್ದರಿಂದ ಬುಕಿಂಗ್ ಮಾಡುವ ದಿನ ತೋರಿಸಿದ ವಿಡಿಯೋದ ಪ್ರತಿಯನ್ನು ಕೇಳಿ ಪಡೆದು ಒಪ್ಪಂದದ ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಉಳಿಯದ ಕಟ್ಟಡಗಳು

ಮುಂದೆ ಕಟ್ಟಲಿರುವುದಕ್ಕೆ ಬಳಸಿದ ವಿಧಾನಗಳೇ ಹಿಂದೆ ಇದ್ದು ಈಗ ಇಲ್ಲದ ಕಟ್ಟಡಗಳಿಗೂ ಒದಗಿವೆ. ಹಂಪಿ ಇದಕ್ಕೆ ಒಂದು ಮುಖ್ಯ ಕ್ಷೇತ್ರ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ ‘ಪ್ಲೇಸ್-ಹಂಪಿ’ಯಲ್ಲಿ ನೋಡುವವರು ತಿರುಗುವ ವೇದಿಕೆಯ ಮೇಲೆ ನಿಂತು, ಸುತ್ತಲ ವೃತ್ತಾಕಾರದ ಪರದೆಯ ಮೇಲೆ ಹಂಪಿಯ ನೆಲೆಗಳನ್ನು ಮೂರು ಆಯಾಮದಲ್ಲಿ ಕಾಣುತ್ತಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮದಲ್ಲಿ ಇದಕ್ಕೆ ನೆಲೆ ದೊರೆಯಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯೂ ಹಂಪಿಯನ್ನೇ ಆರಿಸಿಕೊಂಡಿತು; ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲೊಂದು.

ಹಂಪಿಯ ಕಷ್ಟ ಎಂಥದೆಂದು ತಿಳಿಯಲು ಮಹಾನವಮಿ ದಿಬ್ಬದ ಸಮೀಪದ ರಾಜಸಭಾಂಗಣವನ್ನು ನೋಡಬೇಕು. ಅಲ್ಲಿ ಉಳಿದಿರುವುದು ಕಂಬಗಳ ಕಲ್ಲಿನ ಪೀಠಗಳ ಸಾಲು. ಮರದ ಕಂಬ, ಚಾವಣಿ, ಬಣ್ಣ ಎಲ್ಲ ಹೋಗಿವೆ. ಕಂಬ ಎಷ್ಟು ಎತ್ತರವಿತ್ತು, ಮೇಲೆ ಎಷ್ಟು ಅಂತಸ್ತಿತ್ತು ಎಂಬುದನ್ನು ಪ್ರವಾಸಿಗರ ಬರಹ, ಅದೇ ಕಾಲದ ಶಿಲ್ಪ ಮತ್ತು ಬೇರೆಡೆ ಉಳಿದ ಕಟ್ಟಡಗಳಿಂದ ಊಹಿಸಬೇಕು. ಕಂಪ್ಯೂಟರ್ ಚಿತ್ರದಲ್ಲಾದರೋ ಸಾಕ್ಷಿ ಇರುವ ಪೀಠವೂ ಊಹೆಯ ಚಾವಣಿಯೂ ಒಂದೇ ನಿಖರತೆಯಿಂದ ಹೊಳೆಯುತ್ತವೆ. ಇದನ್ನು ತಡೆಯಲು 2006ರ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ, ಯಾವುದು ಆಧಾರವುಳ್ಳದ್ದು, ಯಾವುದು ಊಹೆ ಎಂಬುದನ್ನು ದಾಖಲಿಸಿ ನೋಡುವವರಿಗೆ ತಿಳಿಸಬೇಕೆಂದು ಹೇಳಿತು. ಊಹೆಯ ಭಾಗವನ್ನು ಪಾರದರ್ಶಕವಾಗಿ ಅಥವಾ ಬೇರೆ ಬಣ್ಣದಲ್ಲಿ ತೋರಿಸುವುದು ಒಂದು ಪ್ರಾಮಾಣಿಕ ಕ್ರಮ.

ಇರುವಾಗಲೇ ಅಳೆದಿಟ್ಟ ಕಟ್ಟಡಗಳ ಕಥೆ ಬೇರೆ. ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲನ್ನು ಕಲಾ ಇತಿಹಾಸಕಾರ ಆಂಡ್ರೂ ಟ್ಯಾಲನ್ ಲೇಸರ್ ಸ್ಕ್ಯಾನರಿನಿಂದ ನೂರು ಕೋಟಿಗೂ ಮಿಕ್ಕ ಬಿಂದುಗಳಲ್ಲಿ ಅಳೆದಿದ್ದರು. 2018ರಲ್ಲಿ ಅವರು ತೀರಿಕೊಂಡರು. 2019ರ ಏಪ್ರಿಲ್ 15ರಂದು ಚಾವಣಿ ಸುಟ್ಟಿತು. 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಕೆಥೆಡ್ರಲಿನ ಪುನರ್ನಿರ್ಮಾಣಕ್ಕೆ ಇಂಥ ಅಳತೆಗಳು ಆಧಾರವಾದವು. ಫೋಟೋಗಳಿಂದಲೇ ಜಾಗವನ್ನು ಮರುರೂಪಿಸುವ ನರ್ಫ್ ವಿಧಾನ 2020ರಲ್ಲಿ, ಗಾಸಿಯನ್ ಸ್ಪ್ಲ್ಯಾಟಿಂಗ್ 2023ರಲ್ಲಿ ಬಂದ ಮೇಲೆ ಫೋನ್ ಹಿಡಿದು ಹಳ್ಳಿಯ ತೊಟ್ಟಿಮನೆಯೊಂದನ್ನು ಸುತ್ತಿ ಬಂದವರೂ ಅದರ ದೃಶ್ಯದಾಖಲೆ ಮಾಡಿಡಬಹುದು.

ದಾಖಲೆಯ ಆಯುಸ್ಸು ಮಾತ್ರ ಬಗೆಹರಿಯದ ತೊಡಕು. 1990ರ ದಶಕದಲ್ಲಿ ವಿ.ಆರ್.ಎಂ.ಎಲ್. ಎಂಬ ರೂಪದಲ್ಲಿ ಉಳಿಸಿದ ಎಷ್ಟೋ ಕಟ್ಟಡ ಮಾದರಿಗಳನ್ನು ಇಂದಿನ ಬ್ರೌಸರುಗಳು ತೆರೆಯುವುದಿಲ್ಲ. ಯಾವ ಒಂದು ಕಂಪನಿಗೂ ಸೇರದ ಐ.ಎಫ್.ಸಿ. ಎಂಬ ಮುಕ್ತ ಕಡತರೂಪ, ಐ.ಎಸ್.ಒ. 16739 ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಗಿ 2013ರಲ್ಲಿ ಪ್ರಕಟವಾಗಿದೆ. ಕಟ್ಟಡ ಮುಗಿದ ಮೇಲೆ ಆರ್ಕಿಟೆಕ್ಟರಿಂದ ವಿಡಿಯೋ ಮಾತ್ರವಲ್ಲದೆ ಈ ರೂಪದ ಮಾದರಿಯನ್ನೂ ಪಡೆದು ಇಟ್ಟುಕೊಂಡ ಸಂಸ್ಥೆಗಳಿಗೆ, ಮೂವತ್ತು ವರ್ಷದ ಮೇಲೆ ಗೋಡೆ ಒಡೆಯುವಾಗ ಪೈಪು ಎಲ್ಲಿದೆಯೆಂದು ಹುಡುಕುವ ಕೆಲಸ ಅಷ್ಟರಮಟ್ಟಿಗೆ ಹಗುರವಾಗುತ್ತದೆ.